ಗಲ್ಲಾದಲ್ಲಿದ್ದ ಹಣ ಯಾರದು? ಒಂದು ಖಾನಾವಳಿ ಸಾಂಕ್ರಾಮಿಕದ ಕಾಲವನ್ನು ದಾಟಿದ ಬಗೆ

ನಾನು ಧಾರವಾಡದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡುವವನು. ಹತ್ತು ವರ್ಷಗಳಿಂದ ನಾನು ಲೆಕ್ಕ ನೋಡುತ್ತಿದ್ದ ಒಂದು ಖಾನಾವಳಿ, ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳನ್ನೇ ನಂಬಿ ನಡೆಯುತ್ತಿತ್ತು. ಸುಮಾರು 140 ಹುಡುಗರು ತಿಂಗಳಿಗೆ 2,400 ರೂಪಾಯಿಯಂತೆ ಮೊದಲ ವಾರದಲ್ಲೇ ಮುಂಗಡ ಕೊಟ್ಟು ಎರಡು ಹೊತ್ತು ಉಣ್ಣುತ್ತಿದ್ದರು. ಒಡತಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

2020ರ ಮಾರ್ಚ್ 14ರಿಂದ ಒಂದು ವಾರದ ಮಟ್ಟಿಗೆಂದು ಕಾಲೇಜುಗಳು ಮುಚ್ಚಿದವು. ಎರಡೇ ದಿನಗಳಲ್ಲಿ ಹುಡುಗರು ಊರು ಸೇರಿದರು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಅಂದು ಸಂಜೆ ಅಕ್ಕ ಫೋನು ಮಾಡಿ, ಗಲ್ಲಾದಲ್ಲಿ ಮತ್ತು ಬ್ಯಾಂಕಿನಲ್ಲಿ ಸೇರಿ 2,10,000 ರೂಪಾಯಿ ಇದೆ, ಎರಡು ತಿಂಗಳು ತಡೆದುಕೊಳ್ಳಬಹುದು ಎಂದರು. ನನಗೂ ಮೊದಲಿಗೆ ಹಾಗೆಯೇ ಅನ್ನಿಸಿತು. ಆದರೆ ರಾತ್ರಿ ಕಾಗದ ಹಿಡಿದು ಕುಳಿತಾಗ ಬೇರೆಯೇ ಚಿತ್ರ ಕಂಡಿತು. ಹುಡುಗರು ಕೊಟ್ಟ 3,36,000 ರೂಪಾಯಿಯಲ್ಲಿ ಅವರು ಉಂಡದ್ದು ಹದಿನೈದು ದಿನದ ಊಟವನ್ನು ಮಾತ್ರ. ಉಳಿದ ಹದಿನಾರು ದಿನಗಳದ್ದು 1,70,000ಕ್ಕೂ ಹೆಚ್ಚು. ಅಂದರೆ ಇದ್ದ ಹಣದಲ್ಲಿ ನಿಜವಾಗಿ ಖಾನಾವಳಿಯದು 40,000 ರೂಪಾಯಿಯೂ ಇರಲಿಲ್ಲ. ಒಂಬತ್ತು ಕೆಲಸಗಾರ್ತಿಯರ ಮಾರ್ಚ್ ಸಂಬಳ 81,000, ಬಾಡಿಗೆ 28,000, ಕಿರಾಣಿ ಅಂಗಡಿಯ ಬಾಕಿ 65,000. ತಡೆದುಕೊಳ್ಳುವ ಮಾತು ಹಾಗಿರಲಿ, ಆ ದಿನವೇ ನಾವು 1,30,000ಕ್ಕಿಂತ ಹೆಚ್ಚು ಹಿಂದಿದ್ದೆವು.

ಹತ್ತು ವರ್ಷ ಲೆಕ್ಕ ಬರೆದವನು ನಾನು. ಮುಂಗಡವನ್ನು ಬಂದ ದಿನವೇ ಆದಾಯವೆಂದು ಬರೆದುಕೊಂಡು ಬಂದಿದ್ದೆ. ವರ್ಷದ ಕೊನೆಗೆ ಮೊತ್ತ ಸರಿಹೋಗುತ್ತಿದ್ದುದರಿಂದ ಅದರ ಅಪಾಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ತಪ್ಪು ನನ್ನದು ಎಂದು ಅಕ್ಕನಿಗೆ ಮರುದಿನವೇ ಹೇಳಿದೆ.

ಆಮೇಲೆ ನಾವು ಮೊದಲು ಮಾಡಿದ ಕೆಲಸ ಹೊಸ ವ್ಯಾಪಾರ ಹುಡುಕುವುದೂ ಆಗಿರಲಿಲ್ಲ, ಸಾಲ ಕೇಳುವುದೂ ಆಗಿರಲಿಲ್ಲ. ಯಾರಿಗೆ ಏನು ಕೊಡಬೇಕು, ಎಂದು ಕೊಡಬಹುದು ಎಂಬುದನ್ನು ಹೆಸರು ಹೆಸರು ಹಿಡಿದು ಬರೆದು, ಪ್ರತಿಯೊಬ್ಬರಿಗೂ ಅಕ್ಕನೇ ಫೋನು ಮಾಡಿದರು. ಹುಡುಗರಿಗೆ ಎರಡು ದಾರಿ ಹೇಳಿದೆವು: ಹಣ ವಾಪಸು ಬೇಕಾದವರಿಗೆ ಕಂತಿನಲ್ಲಿ ವಾಪಸು, ಬೇಡವೆಂದವರಿಗೆ ತಿರುಗಿ ಬಂದ ಮೇಲೆ ಅಷ್ಟು ದಿನಗಳ ಊಟ. 52 ಹುಡುಗರು ಹಣ ಕೇಳಿದರು, ಉಳಿದವರು ಊಟ ಸಾಕೆಂದರು. ಕಟ್ಟಡದ ಮಾಲೀಕರು ಮೂರು ತಿಂಗಳು ಅರ್ಧ ಬಾಡಿಗೆಗೆ ಒಪ್ಪಿ, ಉಳಿದರ್ಧವನ್ನು ಡಿಸೆಂಬರಿನೊಳಗೆ ಕೊಡಿ ಎಂದರು. ಅದನ್ನು ಕಾಗದದ ಮೇಲೆ ಬರೆಸಿಕೊಂಡೆವು. ಕಿರಾಣಿ ಬಾಕಿ ನಾಲ್ಕು ಕಂತಾಯಿತು. ಕೊಡಬೇಕಾದವರು ತಾವಾಗಿಯೇ ಮೊದಲು ಫೋನು ಮಾಡಿದರೆ ಕೇಳುವವರ ದನಿ ಎಷ್ಟು ಮೆತ್ತಗಾಗುತ್ತದೆ ಎಂಬುದನ್ನು ನಾನು ಕಂಡದ್ದು ಆ ವಾರದಲ್ಲೇ.

2018ರಲ್ಲಿ ಅಡುಗೆಮನೆ ದೊಡ್ಡದು ಮಾಡಲು ತೆಗೆದ ಸಾಲದಲ್ಲಿ 6 ಲಕ್ಷ ಉಳಿದಿತ್ತು. ರಿಸರ್ವ್ ಬ್ಯಾಂಕು ಮಾರ್ಚ್ 27ರಂದು ಮೂರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಾಗ ಅನೇಕರು ಅದನ್ನು ಮನ್ನಾ ಎಂದೇ ತಿಳಿದರು. ಶೇಕಡಾ 11ರ ಬಡ್ಡಿಯಲ್ಲಿ ತಿಂಗಳಿಗೆ 5,500 ರೂಪಾಯಿ ಬಡ್ಡಿ ಸುಮ್ಮನೆ ಏರುತ್ತಲೇ ಇರುತ್ತದೆ ಎಂಬುದನ್ನು ಅಕ್ಕನಿಗೆ ಬರೆದು ತೋರಿಸಿದೆ. ಮೊದಲ ಮೂರು ತಿಂಗಳು ಬೇರೆ ದಾರಿ ಇಲ್ಲದೆ ತೆಗೆದುಕೊಂಡೆವು. ಆಗಸ್ಟ್ 31ರವರೆಗೆ ವಿಸ್ತರಿಸಿದಾಗ ಬೇಡವೆಂದು ಜೂನ್‌ನಿಂದ ಕಂತು ಕಟ್ಟಿದೆವು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಆ ವರ್ಷದ ನವೆಂಬರಿನಲ್ಲಿ ಹಿಂತಿರುಗಿಸಿತು ನಿಜ, ಆದರೆ ನಮ್ಮ ಖಾತೆಗೆ ಬಂದದ್ದು 800 ರೂಪಾಯಿಯೊಳಗೆ. ಅಸಲಿನ ಮೇಲಿನ ಬಡ್ಡಿ ನಮ್ಮ ತಲೆಯ ಮೇಲೆಯೇ ಉಳಿಯಿತು.

ಇನ್ನು ದುಡಿಮೆಯ ಮಾತು. ಒಂಬತ್ತು ಜನರಲ್ಲಿ ಆರು ಮಂದಿ ರೊಟ್ಟಿ ಬಡಿಯುವವರು. ಅವರನ್ನು ಕಳೆದುಕೊಂಡರೆ ನಾಳೆ ಬಾಗಿಲು ತೆರೆದರೂ ಖಾನಾವಳಿ ಇರುವುದಿಲ್ಲ ಎಂಬ ಅಕ್ಕನ ಮಾತು ಸರಿಯಾಗಿತ್ತು. ಏಪ್ರಿಲ್‌ನಲ್ಲಿ ಎಲ್ಲರಿಗೂ ಅರ್ಧ ಸಂಬಳ ಕೊಟ್ಟೆವು. ಅಡುಗೆಮನೆಯಲ್ಲಿ ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಗೆ ಅದೇ ಬೇಕು. ಮೇ ತಿಂಗಳಲ್ಲಿ ಸಾಗಣೆ ಮತ್ತೆ ಶುರುವಾದಾಗ ಪೊಟ್ಟಣ ಕಟ್ಟಿ ಕಳಿಸತೊಡಗಿದೆವು.

ಇಲ್ಲಿ ಎರಡನೆಯ ಸಲ ಲೆಕ್ಕ ತಪ್ಪಿತು. ಒಂದು ಕಿಲೋ ಮಾಲದಂಡಿ ಜೋಳದ ಹಿಟ್ಟಿಗೆ 22 ರೊಟ್ಟಿ ಬರುತ್ತಿದ್ದವು. ರೊಟ್ಟಿಯೊಂದಕ್ಕೆ ಹಿಟ್ಟಿನ ಖರ್ಚು 2 ರೂಪಾಯಿ, ಬಡಿಯುವ ಕೂಲಿ 1.50, ಗ್ಯಾಸು 40 ಪೈಸೆ, ಪೊಟ್ಟಣಕ್ಕೆ 50 ಪೈಸೆ: ಒಟ್ಟು 4.40. ಆರು ರೂಪಾಯಿಗೆ ಮಾರಿದರೆ 1.60 ಉಳಿಯುತ್ತದೆ ಎಂದುಕೊಂಡೆವು. ಆದರೆ ಖಾನಾವಳಿ ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿತ್ತು, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿಯಲ್ಲಿ. ಅದರಲ್ಲಿ ಶೇಕಡಾ 5ರ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ಜೊತೆಗೆ ಮೊದಲ ಸಾಗಣೆಗಳಲ್ಲಿ ನೂರಕ್ಕೆ ಎಂಟು ರೊಟ್ಟಿ ದಾರಿಯಲ್ಲೇ ಮುರಿದುಹೋಗಿ, ಅವುಗಳ ಹಣ ವಾಪಸು ಕೊಡಬೇಕಾಯಿತು. ಎರಡನ್ನೂ ಕಳೆದರೆ ಉಳಿದದ್ದು 82 ಪೈಸೆ. ಅದೇ ವಾರ ಬೆಲೆಯನ್ನು ಏಳಕ್ಕೆ ಏರಿಸಿದೆವು. ರೊಟ್ಟಿಯನ್ನು ಹಂಚಿನ ಅಂಚಿಗೆ ನಿಲ್ಲಿಸಿ ಇನ್ನಷ್ಟು ಒಣಗಿಸಿ, 25ರ ಕಟ್ಟು ಮಾಡಿ, ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು ಬಿಗಿಯಾಗಿ ಸುತ್ತಿದ ಮೇಲೆ ಮುರಿಯುವುದು ನೂರಕ್ಕೆ ಎರಡಕ್ಕೆ ಇಳಿಯಿತು. ನಿಜವಾದ ಲಾಭ ತಂದದ್ದು ಚಟ್ನಿ. ರೊಟ್ಟಿ ಅದನ್ನು ಮನೆ ಮುಟ್ಟಿಸಿತು.

ಪುಣೆಯಿಂದಲೂ ಬೇಡಿಕೆ ಬಂತು. ಕಾಂಪೊಸಿಷನ್‌ನಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಆಗಿನ ನಿಯಮದಂತೆ ಆ್ಯಪುಗಳ ಮೂಲಕವೂ ಮಾರುವಂತಿರಲಿಲ್ಲ. ಸಾಮಾನ್ಯ ನೋಂದಣಿಗೆ ಬದಲಾದರೆ ಬರುವ ವ್ಯಾಪಾರಕ್ಕಿಂತ ಲೆಕ್ಕದ ಹೊರೆಯೇ ಹೆಚ್ಚಾಗುತ್ತಿತ್ತು ಎಂದು ಕರ್ನಾಟಕದೊಳಗೇ ಉಳಿದೆವು. ಆಹಾರ ಪರವಾನಗಿಗೆ ತಯಾರಿಕೆಯ ವರ್ಗವನ್ನು ಸೇರಿಸಿದೆವು. ಪೊಟ್ಟಣದ ಮೇಲೆ ತೂಕ, ಗರಿಷ್ಠ ಬೆಲೆ, ತಯಾರಾದ ತಿಂಗಳು, ವಿಳಾಸ, ಪರವಾನಗಿ ಸಂಖ್ಯೆ ಮತ್ತು ಹಸಿರು ಚುಕ್ಕೆ ಮುದ್ರಿಸಿದೆವು. ತುರ್ತಿನ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಕೆಲವರು ಹೇಳಿದರು. ಪರಿಚಯವಿಲ್ಲದ ಮನೆಗಳಿಗೆ ಉಣ್ಣುವ ಪದಾರ್ಥ ಕಳಿಸುವಾಗ ಆ ಮಾತು ನಮಗೆ ಒಪ್ಪಿಗೆಯಾಗಲಿಲ್ಲ.

ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ತುರ್ತು ಸಾಲ ಖಾತರಿ ಯೋಜನೆಯಲ್ಲಿ, ಫೆಬ್ರುವರಿ 29ರಂದು ಇದ್ದ ಸಾಲದ ಶೇಕಡಾ 20ರಷ್ಟು ಹೆಚ್ಚುವರಿ ಸಾಲ, ಹೊಸ ಅಡಮಾನವಿಲ್ಲದೆ, ಬ್ಯಾಂಕುಗಳಲ್ಲಿ ಶೇಕಡಾ 9.25 ಮೀರದ ಬಡ್ಡಿಗೆ ಸಿಗುತ್ತಿತ್ತು. ನಮಗೆ ಜುಲೈನಲ್ಲಿ 1,20,000 ಬಂತು. ಮೊದಲ ವರ್ಷ ಬಡ್ಡಿ ಮಾತ್ರ, ನಂತರ 36 ತಿಂಗಳು 3,333 ರೂಪಾಯಿ ಅಸಲು. ಅದರಲ್ಲಿ ಒಂದು ಪೈಸೆಯನ್ನೂ ಸಂಬಳಕ್ಕೆ ಬಳಸಬಾರದು ಎಂದು ನಾನು ಹಟ ಹಿಡಿದೆ. ಹುಡುಗರಿಗೆ ಕೊಡಬೇಕಾಗಿದ್ದ ಉಳಿದ ಕಂತು ಮತ್ತು ಕಿರಾಣಿ ಬಾಕಿ ತೀರಿಸಿ, ಮಿಕ್ಕ ಹಣಕ್ಕೆ ಜೋಳ, ಶೇಂಗಾ ಕೊಂಡೆವು. ದಿನದ ಖರ್ಚನ್ನು ದಿನದ ವ್ಯಾಪಾರವೇ ಹೊರಬೇಕು, ಹೊರಲಾರದಿದ್ದರೆ ಅದು ಬೇಗ ಗೊತ್ತಾಗಬೇಕು ಎಂಬುದು ನನ್ನ ಲೆಕ್ಕ.

ಜೂನ್ 8ರಿಂದ ಹೋಟೆಲುಗಳಲ್ಲಿ ಕುಳಿತು ಉಣ್ಣಲು ಅವಕಾಶವಾದರೂ ನಮ್ಮ ಹುಡುಗರು ಬರಲಿಲ್ಲ. ಪದವಿ ಕಾಲೇಜುಗಳು ತೆರೆದದ್ದೇ ನವೆಂಬರ್ 17ಕ್ಕೆ. ಅಲ್ಲಿಯವರೆಗೆ ರೊಟ್ಟಿ ಚಟ್ನಿಯೇ ಆ ಆರು ಮಂದಿಗೆ ಕೆಲಸ ಕೊಟ್ಟಿತು. ಉಳಿದ ಮೂವರಲ್ಲಿ ಇಬ್ಬರನ್ನು ಪೊಟ್ಟಣ ಕಟ್ಟಲು ಉಳಿಸಿಕೊಂಡೆವು, ಒಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ. ಅದರ ನೋವು ಅಕ್ಕನಿಗೆ ಈಗಲೂ ಇದೆ.

ಹುಡುಗರು ಮರಳುವ ಮುನ್ನ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆಸಿದೆ. ಮುಂಗಡವೆಲ್ಲ ಅದಕ್ಕೇ ಬರುತ್ತದೆ. ಪ್ರತಿ ಶನಿವಾರ, ಆ ವಾರ ಬಡಿಸಿದ ಊಟದಷ್ಟು ಹಣ ಮಾತ್ರ ವ್ಯವಹಾರದ ಖಾತೆಗೆ ಹೋಗುತ್ತದೆ. ಹಳೆಯ ಬಾಕಿ ಊಟಗಳನ್ನು ಅಕ್ಕ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದ ಪುಸ್ತಕ ನೋಡಿ ಒಂದೊಂದಾಗಿ ತೀರಿಸಿದೆವು. 2021ರ ಏಪ್ರಿಲ್ 27ರ ರಾತ್ರಿ ರಾಜ್ಯ ಮತ್ತೆ ಮುಚ್ಚಿದಾಗ ಖಾನಾವಳಿಯಲ್ಲಿ 90 ಹುಡುಗರಿದ್ದರು. ಅವರು ಉಣ್ಣದ ದಿನಗಳ ಹಣವನ್ನು ಅಕ್ಕ ಆ ಖಾತೆಯಿಂದ ಆರು ದಿನಗಳೊಳಗೆ ಹಿಂತಿರುಗಿಸಿ, ಏಳನೆಯ ದಿನ ಬೆಂಗಳೂರಿಗೆ ಹೋಗುವ ರೊಟ್ಟಿಗೆ ಹಿಟ್ಟು ನಾದಿದರು.