ನನ್ನ ಪಾಂಟೂನ್ ದೋಣಿಗೆ 60 ಎಚ್‌ಪಿ ಮೋಟಾರ್ ಕೂರಿಸಿದ್ದು ಹೀಗೆ

"ಎರಡು ಕೊಳವೆ ಮೇಲೆ ಕೂತ ಹಲಗೆ ಅದು, ಎಷ್ಟು ಎಚ್‌ಪಿ ಹಾಕಿದ್ರೂ ಅಷ್ಟೇ." ನನಗೆ ಬುದ್ಧಿ ಹೇಳಿದವರೆಲ್ಲ ಹೇಳಿದ್ದು ಇದೇ ಮಾತು. ಈಗ ಎಂಟು ಜನ ಕೂತರೂ ದೋಣಿ ಗಂಟೆಗೆ 33-34 ಕಿ.ಮೀ. ಓಡುತ್ತದೆ. ಹಳೆಯ 30 ಎಚ್‌ಪಿ ಟೂ ಸ್ಟ್ರೋಕ್ ಅಷ್ಟೇ ಜನರನ್ನು ಎಳೆದುಕೊಂಡು 23 ದಾಟಿದರೆ ಹೆಚ್ಚು. ಹೇಳಿದವರು ಈಗ ಪ್ರೊಪೆಲ್ಲರ್ ನಂಬರ್ ಕೇಳುತ್ತಿದ್ದಾರೆ!

ದೋಣಿಯ ಕೆಪಾಸಿಟಿ ಪ್ಲೇಟ್‌ನಲ್ಲಿ ಗರಿಷ್ಠ 60 ಎಚ್‌ಪಿ ಅಂತಿದೆ, ಹಾಗಾಗಿ ಅದರಾಚೆ ಯೋಚಿಸಲೇ ಇಲ್ಲ. ಆದರೆ 60ರಲ್ಲೂ ಎರಡು ಜಾತಿ. ಮಾಮೂಲಿ ಗೇರ್‌ಕೇಸ್‌ನ (ಮೋಟಾರಿನ ತಳದ ಗೇರ್ ಪೆಟ್ಟಿಗೆ) ಗೇರ್ ಅನುಪಾತ 1.85ರ ಆಸುಪಾಸು, ಅಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಲು ಎಂಜಿನ್ ಅಷ್ಟು ಸುತ್ತು ತಿರುಗಬೇಕು. ಯಮಹಾ ಹೈ ಥ್ರಸ್ಟ್, ಮರ್ಕ್ಯುರಿ ಕಮಾಂಡ್ ಥ್ರಸ್ಟ್‌ಗಳಲ್ಲಿ 2.33, ಜೊತೆಗೆ ದೊಡ್ಡ ಪ್ರೊಪೆಲ್ಲರ್ ಹಿಡಿಸುತ್ತದೆ. ಮಾರುವವನು "ಮಾಮೂಲಿದೇ ಸಾಕು" ಅಂದ. ನಾನು ಬಗ್ಗಲಿಲ್ಲ. ಭಾರದ ದೋಣಿಗೆ ಬೇಕಾದದ್ದು ಎಳೆತ. ಬೆಲೆಯಲ್ಲಿ ಹೆಚ್ಚಿಗೆ ಕೊಟ್ಟಿದ್ದು ಹತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ.

ದುಡ್ಡು ಹೋಗಿದ್ದು ಬೇರೆ ಕಡೆ. ಹಳೆಯ ಕಂಟ್ರೋಲ್ ಬಾಕ್ಸ್ ಹೊಸದಕ್ಕೆ ಹೊಂದಲಿಲ್ಲ. ಕೇಬಲ್, ವೈರಿಂಗ್, ಮೀಟರ್, ದಪ್ಪ ಪೆಟ್ರೋಲ್ ಪೈಪ್, ದೊಡ್ಡ ಬ್ಯಾಟರಿ, ಹೀಗೆ ಬಿಲ್ ಬೆಳೆಯುತ್ತಲೇ ಹೋಯಿತು. ಮೋಟಾರ್ ಬೆಲೆಯ ಕಾಲು ಭಾಗದಷ್ಟು ಈ ಚಿಲ್ಲರೆಗೇ ಆಯಿತು ಅಂತ ನೆನಪು. ಹಳೆಯದನ್ನು ಮಾರಿದ ದುಡ್ಡು ಇದರ ಅರ್ಧಕ್ಕೂ ಬರಲಿಲ್ಲ. ಬಜೆಟ್ ಹಾಕುವಾಗ ಮೋಟಾರಿನ ಬೆಲೆ ಮಾತ್ರ ನೋಡಬೇಡಿ.

ಇಷ್ಟೆಲ್ಲ ಆದಮೇಲೆ ಮೊದಲ ಓಟ ಪೂರಾ ಸಪ್ಪೆ. ಮೋಟಾರ್ ಜೊತೆಗೆ ಬಂದಿದ್ದು 14 ಪಿಚ್‌ನ (ಒಂದು ಸುತ್ತಿಗೆ ಲೆಕ್ಕದಲ್ಲಿ ಇಷ್ಟು ಇಂಚು ಮುಂದೆ ಸಾಗಬೇಕು) ಮೂರು ರೆಕ್ಕೆಯ ಪ್ರೊಪೆಲ್ಲರ್. ಥ್ರಾಟಲ್ ಪೂರ್ತಿ ಒತ್ತಿದರೂ 5,000 ಆರ್‌ಪಿಎಂ ಆಚೆ ಹೋಗಲ್ಲ. ಮ್ಯಾನುಯಲ್ ಹೇಳೋದು 5,500ರಿಂದ 6,000. ವೇಗ 28. ತಿರುವಿನಲ್ಲಂತೂ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ಕಿರುಚುತ್ತಿತ್ತು. "ನೋಡಿದ್ಯಾ, ಹೇಳಿರಲಿಲ್ವಾ?" ಅನ್ನೋರು ದಡದಲ್ಲೇ ನಿಂತಿದ್ದರು.

ಪಿಚ್ ಒಂದು ಇಂಚು ಇಳಿಸಿದರೆ 150-200 ಆರ್‌ಪಿಎಂ ಏರುತ್ತದಲ್ವಾ, 12 ಹಾಕಿದೆ. ಆರ್‌ಪಿಎಂ ಏರಿತು, ತಿರುವಿನ ಕಿರುಚಾಟ ಹಾಗೇ ಉಳಿಯಿತು. ಕೊನೆಗೆ ಸರಿಹೋಗಿದ್ದು 11 ಪಿಚ್, ನಾಲ್ಕು ರೆಕ್ಕೆ, ಅಲ್ಯೂಮಿನಿಯಂ. ಎಂಟು ಜನರ ಭಾರದಲ್ಲೂ 5,800 ತೋರಿಸುತ್ತದೆ. ಸ್ಟೀಲ್‌ನದಕ್ಕೆ ಮೂರು ಪಟ್ಟು ದುಡ್ಡು. ಈ ವೇಗಕ್ಕೆ ಅದು ಬೇಡ ಅಂತ ನನ್ನ ಲೆಕ್ಕ. ಕಲ್ಲಿಗೆ ತಾಗಿದರೆ ಅಲ್ಯೂಮಿನಿಯಂ ರೆಕ್ಕೆ ಹೋದರೂ ಗೇರ್ ಉಳಿದೀತು.

ಎತ್ತರದ ಕಥೆ ಬೇರೆ. ಎಲ್ಲರೂ ಮೋಟಾರ್ ಇನ್ನೂ ಇಳಿಸು ಅಂದರು. ನಾನು ಬೋಲ್ಟ್ ಹಾಕುವ ತೂತಿನ ಲೆಕ್ಕದಲ್ಲಿ ಒಂದು ತೂತು ಇಳಿಸಿದೆ, ಗಾಳಿ ಎಳೆಯೋದು ನಿಂತಿತು, ವೇಗ ಎರಡು ಕಿ.ಮೀ. ಬಿತ್ತು. ಮತ್ತೆ ಮೇಲಕ್ಕೇರಿಸಿ, ಕೊಳವೆಗಳ ನಡುವೆ, ಮೋಟಾರಿನ ಮುಂದೆ ಬರುವ ನೀರನ್ನು ಪಳಗಿಸಲು ಒಂದು ಅಲ್ಯೂಮಿನಿಯಂ ಪಟ್ಟಿ ಕಟ್ಟಿದೆ. ಗಾಳಿಯೂ ಇಲ್ಲ, ವೇಗವೂ ವಾಪಸ್. ಪಟ್ಟಿಯ ಅಳತೆ, ಬಾಗು ಮಾತ್ರ ಕೇಳಬೇಡಿ. ಅದಕ್ಕೆ ತಗಡು ಬಹಳ ಹಾಳಾಗಿದೆ.

ನಡುವೆ ಗೇರ್‌ಕೇಸ್ ಮೇಲೆ ಹೈಡ್ರೋಫಾಯಿಲ್ ರೆಕ್ಕೆಯನ್ನೂ (ದೋಣಿಯ ಹಿಂಬದಿಯನ್ನು ಎತ್ತಲು ಹಾಕುವ ಚಪ್ಪಟೆ ರೆಕ್ಕೆ) ಹಾಕಿ ನೋಡಿದೆ. ನಮ್ಮಂಥ ದೋಣಿಗೆ ಅದು ಬರೀ ಅಲಂಕಾರ. ಲಾಭ ಆಗಿದ್ದು ಪುಕ್ಕಟೆ ಕೆಲಸಗಳಲ್ಲಿ. ಹೊಸ ಮೋಟಾರ್ ಸುಮಾರು 118 ಕೆಜಿ, ಹಳೆಯದರ ಎರಡರಷ್ಟು. ಹಿಂಬದಿ ಕುಸಿದಿತ್ತು. ಬ್ಯಾಟರಿ, ಟ್ಯಾಂಕ್ ಎರಡನ್ನೂ ಮುಂದೆ ಸರಿಸಿದೆ, ಮಟ್ಟಕ್ಕೆ ಬಂತು. ಕೊಳವೆಗಳ ಪಾಚಿ ಉಜ್ಜಿ ತೆಗೆದಿದ್ದಕ್ಕೇ ಒಂದೂವರೆ ಕಿ.ಮೀ. ಸಿಕ್ಕಿತು.

ಪೆಟ್ರೋಲ್ ಖರ್ಚು 4,000 ಆರ್‌ಪಿಎಂನಲ್ಲಿ ಓಡಿಸಿದರೆ ಹಳೆಯದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಪೂರ್ತಿ ಒತ್ತಿದರೆ ಈ ಲೆಕ್ಕ ಮರೆತುಬಿಡಿ. ಇನ್ನು ಉಳಿದಿರುವುದು ಸ್ಟಿಯರಿಂಗ್. ಕೇಬಲ್‌ನದು ಈಗ ಕೈಗೆ ಭಾರ ಅನಿಸುತ್ತಿದೆ. ಹೈಡ್ರಾಲಿಕ್ ಕಿಟ್‌ನ ಬೆಲೆ ಕೇಳಿ ಸದ್ಯಕ್ಕೆ ಸುಮ್ಮನಾಗಿದ್ದೇನೆ.