ಬ್ಯಾಕ್‌ಸ್ವಿಂಗ್ ಮೊಟಕು ಮಾಡಿದೆ, ಸ್ಲೈಸ್ ಹೋಯಿತು

ಗಾಲ್ಫಿನಲ್ಲಿ ಬ್ಯಾಕ್‌ಸ್ವಿಂಗ್ ಅಂದರೆ ಹೊಡೆಯುವ ಮೊದಲು ಕ್ಲಬ್ಬನ್ನು ಹಿಂದಕ್ಕೆ ಎತ್ತುವುದು, ಸ್ಲೈಸ್ ಅಂದರೆ ಬಾಲ್ ಬಲಕ್ಕೆ ಬಾಗಿ ಹೋಗುವುದು. ಮುಕ್ಕಾಲು ಬ್ಯಾಕ್‌ಸ್ವಿಂಗ್‌ನಲ್ಲಿ ಬಾಲ್ ದೂರ ಹೋಗುವುದಿಲ್ಲ ಅಂತ ಅಭ್ಯಾಸದ ರೇಂಜಿನ ಪಕ್ಕದ ಮ್ಯಾಟಿನವರಿಂದ ಹಿಡಿದು ಕ್ಯಾಡಿಗಳವರೆಗೆ ಎಲ್ಲರೂ ತಲೆಯಾಡಿಸಿದ್ದರು. ಈಗ ಸೆವೆನ್ ಐರನ್ ಕ್ಲಬ್ಬಿನ ಕ್ಯಾರಿ (ಬಾಲ್ ಗಾಳಿಯಲ್ಲಿ ಹೋಗುವ ದೂರ) 130 ಯಾರ್ಡ್ ಇದ್ದದ್ದು 140ರ ಆಸುಪಾಸಿಗೆ ಬಂದಿದೆ, ಹ್ಯಾಂಡಿಕ್ಯಾಪ್ (ಕಡಿಮೆಯಾದಷ್ಟೂ ಆಟ ಒಳ್ಳೆಯದು) 22ರಿಂದ 16ಕ್ಕೆ ಇಳಿದಿದೆ. ಒಟ್ಟು ಎಂಟು ತಿಂಗಳು ಹಿಡಿಯಿತು, ಅದರಲ್ಲಿ ಮೊದಲ ಐದು ದಂಡ. ಇವು ಬೆಂಗಳೂರಿನ 900 ಮೀಟರ್ ಎತ್ತರದ ಅಂಕಿ. ಗಾಳಿ ದಟ್ಟವಿರುವ ಚೆನ್ನೈಯಲ್ಲಿ ಆಡುವವರು ನಾಲ್ಕೈದು ಯಾರ್ಡ್ ಕಳೆದುಕೊಳ್ಳಿ. ಬರೆದಿರುವುದು ಬಲಗೈ ಆಟದ ಲೆಕ್ಕದಲ್ಲಿ.

ಮೊದಲು ದುಡ್ಡಿನ ವಿಷಯ. ಸ್ಲೈಸ್‌ಗೆ ದೂರ ಹೊಡೆಯುವ ಉದ್ದನೆಯ ಕ್ಲಬ್ ಡ್ರೈವರೇ ಕಾರಣ ಅಂದುಕೊಂಡು ಡ್ರಾ ಬಯಾಸ್ (ಬಾಲನ್ನು ಎಡಕ್ಕೆ ಎಳೆಯುವ ವಿನ್ಯಾಸ) ಇರುವ ಹೊಸದಕ್ಕೆ 38 ಸಾವಿರ ಸುರಿದೆ. 40 ಯಾರ್ಡ್ ಬಲಕ್ಕೆ ಹೋಗುತ್ತಿದ್ದ ಬಾಲ್ 30 ಯಾರ್ಡ್ ಹೋಗತೊಡಗಿತು, ಅಷ್ಟೇ. ನಡುವೆ ಕೀಲಿರುವ ಟ್ರೈನಿಂಗ್ ಕ್ಲಬ್ಬಿಗೆ ಏಳು ಸಾವಿರ. ಅದನ್ನು ಹಿಡಿದಾಗ ಸ್ವಿಂಗ್ ಚೆನ್ನಾಗಿಯೇ ಇರುತ್ತಿತ್ತು, ಸ್ವಂತ ಕ್ಲಬ್ ಹಿಡಿದ ತಕ್ಷಣ ಹಳೇ ರಾಗ. ನಿಜಕ್ಕೂ ಕೆಲಸಕ್ಕೆ ಬಂದದ್ದು ಒಂದು ಟ್ರೈಪಾಡ್, ಎಲೆಕ್ಟ್ರಿಕಲ್ ಅಂಗಡಿಯ 20 ಎಂಎಂ ಪಿವಿಸಿ ಪೈಪಿನ ನಾಲ್ಕಡಿಯ ಎರಡು ತುಂಡು, ಮಕ್ಕಳ 15 ಸೆಂ.ಮೀ. ಸ್ಕೇಲು, ಅರ್ಧ ಕೆಜಿ ರಂಗೋಲಿ ಪುಡಿ. ಎಲ್ಲ ಸೇರಿ 1,200 ರೂಪಾಯಿ ದಾಟಿಲ್ಲ.

ವಿಡಿಯೊದಲ್ಲೇ ಎರಡು ತಿಂಗಳು ಹಾಳಾಯಿತು. ಫೋನನ್ನು ಹಿಂದೆ, ಬಾಲಿನ ನೇರಕ್ಕೆ ಇಡುತ್ತಿದ್ದೆ. ಅಲ್ಲಿಂದ ನೋಡಿದರೆ ಟೇಕ್‌ಅವೇ (ಕ್ಲಬ್ ಹಿಂದಕ್ಕೆ ಹೊರಡುವ ಮೊದಲ ಘಟ್ಟ) ಇರುವುದಕ್ಕಿಂತ ಹೆಚ್ಚು ಒಳಕ್ಕೆ, ದೇಹದ ಕಡೆಗೆ, ಹೋದಂತೆ ಕಾಣುತ್ತದೆ. ಇಲ್ಲದ ತಪ್ಪನ್ನು ತಿದ್ದಲು ಹೋಗಿ ಕ್ಲಬ್ಬನ್ನು ಹೊರಕ್ಕೆ ಎತ್ತತೊಡಗಿದೆ, ಸ್ಲೈಸ್ ಇನ್ನೂ ಜಾಸ್ತಿಯಾಯಿತು. ಫೋನ್ ಇರಬೇಕಾದ್ದು ಕೈಗಳ ನೇರಕ್ಕೆ, ಕೈಗಳ ಎತ್ತರಕ್ಕೆ, ಬಾಲಿನಿಂದ ಗುರಿಗೆ ಹೋಗುವ ಟಾರ್ಗೆಟ್ ಗೆರೆಗೆ ಸಮಾನಾಂತರವಾಗಿ. ಸೆಕೆಂಡಿಗೆ 240 ಫ್ರೇಮ್ ಸಾಕು. ಎದುರಿನಿಂದಲೂ ಒಂದು ತೆಗೆಯಿರಿ, ಸ್ವೇ (ದೇಹ ಪಕ್ಕಕ್ಕೆ ಜಾರುವುದು) ಕಾಣುವುದು ಅಲ್ಲೇ.

ಎದುರಿನ ವಿಡಿಯೊ ನೋಡಿದ ಮೇಲೆ ಬೇರು ಸಿಕ್ಕಿತು. ಬಲಸೊಂಟ ತಿರುಗುವ ಬದಲು ಮೂರ್ನಾಲ್ಕು ಇಂಚು ಬಲಕ್ಕೆ ಜಾರುತ್ತಿತ್ತು. ಸೊಂಟ ಜಾರಿದರೆ ಎದೆ ತಿರುಗುವುದಿಲ್ಲ. ಎದೆ ತಿರುಗದಿದ್ದರೂ ಸ್ವಿಂಗ್ ಪೂರ್ತಿ ಆಗಬೇಕಲ್ಲ, ಅದಕ್ಕೆ ಕೈಗಳು ಮೇಲೇಳುತ್ತವೆ, ಎಡಮೊಣಕೈ ಮಡಚುತ್ತದೆ, ಕ್ಲಬ್ ನೆಲಕ್ಕೆ ಸಮಾನಾಂತರ ದಾಟಿ ಕತ್ತಿನ ಹಿಂದೆ ನೇತಾಡುತ್ತದೆ. ಅಲ್ಲಿಂದ ಇಳಿಯುವಾಗ ಭುಜವೇ ಮೊದಲು ಹೊರಡುತ್ತದೆ: ಕ್ಲಬ್ ಹೊರಗಿನಿಂದ ಒಳಕ್ಕೆ ಬೀಸುವ ಓವರ್ ದಿ ಟಾಪ್, ಅದರಿಂದ ಸ್ಲೈಸ್. ಇಷ್ಟು ದಿನ ಸರಪಳಿಯ ಕೊನೆಯ ಕೊಂಡಿಗೆ ಔಷಧಿ ಹಚ್ಚುತ್ತಿದ್ದೆ.

ಮೊದಲು ಬಲಪಾದವನ್ನು 20 ಡಿಗ್ರಿ ಹೊರಕ್ಕೆ ತೆರೆದೆ. ದಿನವಿಡೀ ಕುರ್ಚಿಯಲ್ಲಿ ಕೂರುವವರ ಸೊಂಟ, ಪಾದ ನೆಟ್ಟಗಿದ್ದರೆ 45 ಡಿಗ್ರಿ ತಿರುಗುವುದು ಕಷ್ಟ. ಎಡಹಿಮ್ಮಡಿ ಸ್ವಲ್ಪ ಎದ್ದರೂ ಬಿಟ್ಟುಬಿಡಿ. ಆಮೇಲೆ ಒಂದು ಪೈಪನ್ನು ಬಲಸೊಂಟದಿಂದ ಎರಡು ಬೆರಳು ಆಚೆ ನೆಲಕ್ಕೆ ಚುಚ್ಚಿ ನಿಲ್ಲಿಸಿದೆ. ಮ್ಯಾಟಿನ ಮೇಲಾದರೆ ಬ್ಯಾಗನ್ನೇ ಒತ್ತಿ ನಿಲ್ಲಿಸಿ. ಟಾಪಿಗೆ (ಬ್ಯಾಕ್‌ಸ್ವಿಂಗಿನ ತುತ್ತತುದಿಗೆ) ಹೋಗುವಾಗ ಪೈಪಿಗೆ ಸೊಂಟ ತಾಗಬಾರದು, ಬಲ ಹಿಂಜೇಬು ಬೆನ್ನ ಹಿಂದಕ್ಕೆ ಸರಿಯಬೇಕು. ಇದನ್ನೂ ಅತಿ ಮಾಡಿ ಕೆಟ್ಟೆ. ಪೈಪಿಗೆ ಹೆದರಿ ಭಾರವನ್ನೆಲ್ಲ ಎಡಗಾಲಲ್ಲೇ ಉಳಿಸಿಕೊಂಡೆ, ಎದೆ ಟಾರ್ಗೆಟ್ ಕಡೆ ವಾಲಿತು, ರಿವರ್ಸ್ ಪಿವಟ್ ಅನ್ನುವ ಈ ತಪ್ಪು ಅಂಟಿಕೊಂಡಿತು. ಎರಡನೇ ತುಂಡನ್ನು ಬಲಬೂಟಿನ ಹೊರ ಅಂಚಿನ ಕೆಳಗೆ ಉದ್ದಕ್ಕೆ ಇಟ್ಟು ನಿಂತ ಮೇಲೆ ಸರಿಹೋಯಿತು. ಒತ್ತಡ ಪಾದದ ಒಳಬದಿಯಲ್ಲಿ, ಹಿಮ್ಮಡಿ ಹತ್ತಿರ ಸಿಗಬೇಕು.

ಟೇಕ್‌ಅವೇಯಲ್ಲಿ ಒಂದೇ ಚೆಕ್. ಶಾಫ್ಟ್ (ಕ್ಲಬ್ಬಿನ ಕೋಲು) ನೆಲಕ್ಕೆ ಸಮಾನಾಂತರ ಬಂದಾಗ ಹಿಂದಿನ ವಿಡಿಯೊದಲ್ಲಿ ಕ್ಲಬ್‌ಹೆಡ್ ಕೈಗಳನ್ನು ಮುಚ್ಚಿರಬೇಕು, ಫೇಸ್ (ಬಾಲಿಗೆ ತಾಗುವ ಮುಖ) ಬೆನ್ನಿನ ಬಾಗಿನಷ್ಟೇ ಮುಂದಕ್ಕೆ ಬಾಗಿರಬೇಕು. ಟೋ (ಕ್ಲಬ್‌ಹೆಡ್ಡಿನ ತುದಿ) ಆಕಾಶ ನೋಡುತ್ತಿದ್ದರೆ ಫೇಸ್ ಆಗಲೇ ತುಸು ತೆರೆದಿದೆ, ಅಂದರೆ ಬಲಕ್ಕೆ ತಿರುಗಿದೆ ಅಂತ.

ಸ್ಕೇಲಿನ ಉಪಾಯ ಯಾರೂ ನಂಬಲಿಲ್ಲ. ಎಡಗೈ ವಾಚಿನ ಪಟ್ಟಿಯೊಳಗೆ, ಅಂಗೈಯ ಹಿಂಬದಿಗೆ ಸ್ಕೇಲನ್ನು ಸಿಕ್ಕಿಸಿ ನಿಧಾನವಾಗಿ ಟಾಪಿಗೆ ಹೋಗಬೇಕು. ಮಣಿಕಟ್ಟು ಹಿಂದಕ್ಕೆ ಮಡಚಿತೋ, ಸ್ಕೇಲಿನ ತುದಿ ಗೆಣ್ಣಿನ ಹಿಂದೆ ಚುಚ್ಚುತ್ತದೆ. ಮಣಿಕಟ್ಟು ಮಡಚಿದರೆ ಫೇಸ್ ತೆರೆಯುತ್ತದೆ, ನನ್ನ ಸ್ಲೈಸಿನ ಅರ್ಧ ಪಾಲು ಇಲ್ಲೇ ಇತ್ತು. ಬಾಲ್ ಇಲ್ಲದೆ ದಿನಕ್ಕೆ 30 ಸಲ, ಮೂರು ವಾರ. ಸ್ಕೇಲ್ ಇಟ್ಟುಕೊಂಡು ಬಾಲ್ ಹೊಡೆಯಬೇಡಿ, ಹೊಡೆದು ಒಂದು ಸ್ಕೇಲ್ ಮುರಿದಿದೆ.

ಇನ್ನು ಉದ್ದ. ಎಡತೋಳು ನೆಲಕ್ಕೆ ಸಮವಾದಾಗ ಶಾಫ್ಟಿನ ಜೊತೆ ಎಲ್ ಆಕಾರ ಆಗಿರಬೇಕು. ಅಲ್ಲಿಂದ ಮುಂದೆ ಕೈ ಎತ್ತುವುದೇ ಬೇಡ, ಬೆನ್ನು ಟಾರ್ಗೆಟ್ ನೋಡುವವರೆಗೆ ಎದೆ ಮಾತ್ರ ತಿರುಗಲಿ. ಎಡಮೊಣಕೈ ಮಡಚಲು ಶುರುವಾದ ಜಾಗವೇ ಗಡಿ. ನನಗೆ ಅದು ಕೈಗಳು ಬಲಭುಜದ ಎತ್ತರಕ್ಕೆ ಬಂದಾಗ. ಸ್ಪೇನಿನ ಜಾನ್ ರಾಮ್ ಇಷ್ಟೇ ಚಿಕ್ಕ ಬ್ಯಾಕ್‌ಸ್ವಿಂಗ್‌ನಲ್ಲಿ 2021ರ ಯುಎಸ್ ಓಪನ್, 2023ರ ಮಾಸ್ಟರ್ಸ್ ಗೆದ್ದವರು. ಹುಟ್ಟಿನಿಂದಲೇ ಅವರ ಬಲಪಾದದಲ್ಲಿ ತೊಂದರೆ ಇದ್ದು ಪಾದದ ಕೀಲು ಪೂರ್ತಿ ತಿರುಗುವುದಿಲ್ಲ, ಅದಕ್ಕೇ ಆ ಚಿಕ್ಕ ಸ್ವಿಂಗ್. ಯಾರಾದರೂ ನಕ್ಕರೆ ಇದನ್ನು ಹೇಳಿ.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಬಲಮೊಣಕೈ ದೇಹಕ್ಕೆ ಅಂಟಿರಲೆಂದು ಬಲಕಂಕುಳಲ್ಲಿ ಹೆಡ್‌ಕವರ್ (ಕ್ಲಬ್ಬಿನ ಗವಸು) ಸಿಕ್ಕಿಸಿ ಹೊಡೆದದ್ದು ಎರಡು ವಾರ. ಸ್ವಿಂಗ್ ಚಪ್ಪಟೆಯಾಗಿ ಶ್ಯಾಂಕ್ (ಬಾಲ್ ಕ್ಲಬ್ಬಿನ ಕತ್ತಿಗೆ ತಾಗಿ ಓರೆಯಾಗಿ ಹಾರುವುದು) ಶುರುವಾಯಿತು, ಬಿಟ್ಟೆ. ಬಲಮೊಣಕೈ ಹಾರಿಸಿಕೊಂಡೇ ಜಾಕ್ ನಿಕ್ಲಾಸ್ 18 ಮೇಜರ್ ಟೂರ್ನಿ ಗೆದ್ದರಲ್ಲ! ಜಪಾನಿನ ಮಾಟ್ಸುಯಾಮಾ ತರಹ ಟಾಪಿನಲ್ಲಿ ನಿಂತು ಹೊಡೆದೆ: ಐರನ್‌ಗಳಿಗೆ ಚೆನ್ನ, ಡ್ರೈವರಿಗೆ ಒಗ್ಗಲಿಲ್ಲ. ಐದು ಕೆಜಿ ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು ತಿರುಗುವುದು ಮಾತ್ರ ಈಗಲೂ ನಡೆಯುತ್ತಿದೆ, ದಿನಾ ಬೆಳಿಗ್ಗೆ ಇಪ್ಪತ್ತು ಸಲ.

ಲಯದಲ್ಲೂ ಮುಗ್ಗರಿಸಿದೆ. ನಿಧಾನ ಅಂದರೆ ಒಳ್ಳೆಯದು ಅಂದುಕೊಂಡು ಎಳೆದೆಳೆದು ಎತ್ತಿದರೆ ಇಳಿಯುವಾಗ ದೇಹ ಧುಮುಕುತ್ತದೆ. ಏರಲು ಸುಮಾರು 0.8 ಸೆಕೆಂಡ್, ಇಳಿಯಲು ಅದರ ಮೂರನೇ ಒಂದು ಭಾಗ. ‘ತ-ಕಿ-ಟ’ಕ್ಕೆ ಮೇಲೆ, ‘ತೋಂ’ಗೆ ಕೆಳಗೆ. ಮೆಟ್ರೊನೋಮ್ ಆ್ಯಪ್ ಬೇಕಿಲ್ಲ.

ಪರೀಕ್ಷೆಗೆ ಮ್ಯಾಟ್ ನಂಬಬೇಡಿ. ಬಾಲಿನ ಹಿಂದೆ ಬಡಿದರೂ ಕ್ಲಬ್ ಜಾರಿ ಬಾಲಿಗೆ ತಾಗುತ್ತದೆ, ಶಾಟ್ ಚೆನ್ನಾಗಿದೆ ಅನಿಸುತ್ತದೆ. ಹುಲ್ಲಿನ ಮೇಲೆ ರಂಗೋಲಿ ಪುಡಿಯ ಗೆರೆ ಎಳೆದು, ಬಾಲ್ ಇಲ್ಲದೆ ಹತ್ತು ಸ್ವಿಂಗ್ ಮಾಡಿ. ಡೈವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಗೆರೆಯ ಮೇಲೆ ಅಥವಾ ಟಾರ್ಗೆಟ್ ಬದಿಗೆ ಶುರುವಾಗಬೇಕು. ನನ್ನದು ಹತ್ತಕ್ಕೆ ಮೂರು ಇತ್ತು, ಈಗ ಏಳೋ ಎಂಟೋ. ಕ್ಲಬ್ ಸ್ಪೀಡ್ ಏನೂ ಏರಿಲ್ಲ, ಬಾಲ್ ಫೇಸಿನ ನಡುವಿಗೆ ತಾಗುತ್ತಿದೆ, ಆ ಹತ್ತು ಯಾರ್ಡ್ ಬಂದದ್ದು ಅದರಿಂದ.

ಟಾಪಿನಲ್ಲಿ ಬಲಮಂಡಿಯನ್ನು ಹೇಗೆ ಕಟ್ಟಿಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಶನಿವಾರದ ಫೋರ್‌ಬಾಲ್ (ಇಬ್ಬಿಬ್ಬರ ಜೋಡಿಯಾಟ) ಬೆಟ್ಟಿಂಗ್ ಅದರ ಮೇಲೆ ನಿಂತಿದೆ. ಡ್ರೈವರಿನಲ್ಲಿ ಐದಕ್ಕೆ ಒಂದು ಈಗಲೂ ಬಲಕ್ಕೆ ತೇಲುತ್ತದೆ. ಮಳೆ ನಿಂತ ಮೇಲೆ ಬಲಪಾದವನ್ನು 25 ಡಿಗ್ರಿಗೆ ತೆರೆದು ನೋಡಬೇಕು.