ಕಲ್ಲಾದ ಮರಕ್ಕೆ ಪಾಲಿಶ್ ಹಾಕಿದ್ದು

ಹಾಸನದಲ್ಲಿ ನನ್ನದು ಗ್ರಾನೈಟ್ ಕೆಲಸ. ಅಡುಗೆಮನೆ ಕಟ್ಟೆ, ಮೆಟ್ಟಿಲು, ಅಷ್ಟೇ. ಹೋದ ವರ್ಷ ಮೂಡಿಗೆರೆ ಕಡೆಯ ತೋಟದ ಯಜಮಾನರೊಬ್ಬರು ಜೀಪಿನಲ್ಲಿ ಒಂದು ತುಂಡು ದಿಮ್ಮಿ ತಂದರು. ಜಾವಾದ್ದಂತೆ, ದುಡ್ಡು ಕೊಟ್ಟು ತರಿಸಿದ್ದು. "ಒಂದು ಮುಖ ಕುಯ್ದು ಪಾಲಿಶ್ ಮಾಡಿಕೊಡಪ್ಪ, ಟೀಪಾಯಿ ಮಾಡಿಸ್ಬೇಕು" ಅಂದರು. ನೋಡಿದರೆ ಪಕ್ಕಾ ಮರ. ಎತ್ತಲು ಹೋದರೆ ಇಬ್ಬರಿಗೂ ಜಗ್ಗಲಿಲ್ಲ.

ಸಿಮೆಂಟ್ ಎರಕ ಇರಬಹುದು ಅಂತ ನನಗೆ ಅನುಮಾನ. ಚಾಕುವಿನಲ್ಲಿ ಗೀರಿದೆ. ಕಲ್ಲಿಗೇನೂ ಆಗಲಿಲ್ಲ, ಚಾಕುವಿನ ಉಕ್ಕೇ ಸವೆದು ಕಪ್ಪಗೆ ಹತ್ತಿತು. ಬೆಣಚುಕಲ್ಲಿನ ಗಡಸು ಅದು. ನಮ್ಮ ಬಳಪದ ಕಲ್ಲಾಗಿದ್ದರೆ ಅದೇ ಚಾಕುವಿಗೆ ಸಲೀಸಾಗಿ ಗೀರು ಬೀಳುತ್ತಿತ್ತು.

ಡೈಮಂಡ್ ಬ್ಲೇಡ್ ಹಾಕಿ, ನೀರು ಬಿಟ್ಟುಕೊಂಡು ನಿಧಾನಕ್ಕೆ ಕುಯ್ದೆ. ನಡುವೆ ನೀರಿನ ಪೈಪು ಜಾರಿತ್ತು, ನಾನು ನೋಡಲಿಲ್ಲ. ಕಾದ ಕಲ್ಲು ಟಪ್ ಅಂತ ಬಿರಿಯಿತು. ಎದೆ ಧಸಕ್ಕೆಂದಿತು. ಅಪ್ಪ ಬಡಗಿ. ಬಗ್ಗಿ ನೋಡಿ, "ಈ ಬಿರುಕು ನಿಂದಲ್ಲ ಕಣೋ. ಮರ ಒಣಗುವಾಗಲೇ ಬಿಟ್ಟದ್ದು. ನೀನು ಕದಲಿಸಿದೆ ಅಷ್ಟೆ" ಅಂದರು. ನಿಜ. ಹಳೆಯ ಬಿರುಕಿನ ತುಂಬ ಗಾಜಿನಂಥ ಕಲ್ಲು ಕೂತಿತ್ತು.

ಅದು ಕೂತ ಬಗೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಬಿದ್ದ ಮರ ಕೊಳೆಯುವ ಮೊದಲೇ ಕೆಸರಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಹೂತುಹೋಗಬೇಕು. ಗಾಳಿ ತಾಗಬಾರದು. ಬೂದಿಯ ಸಿಲಿಕಾ, ಅಂದರೆ ಬೆಣಚುಕಲ್ಲಿನದೇ ಪದಾರ್ಥ, ನೀರಿನಲ್ಲಿ ಕರಗಿ ಮರದ ಸಣ್ಣ ಸಣ್ಣ ಕೋಶಗಳಿಗೆ ಇಳಿದು ಗಟ್ಟಿಯಾಗುತ್ತದೆ. ಅದಕ್ಕೇ ನಾರು, ತೂತು, ಗಂಟು ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಕೆಂಪು, ಹಳದಿ ಬಣ್ಣ ಕಬ್ಬಿಣದ್ದು. ತಮಿಳುನಾಡಿನ ತಿರುವಕ್ಕರೈಯಲ್ಲಿ ಇಂಥ ದಿಮ್ಮಿಗಳು ಬಯಲಲ್ಲೇ ಬಿದ್ದಿವೆ. ಸುಮಾರು 2 ಕೋಟಿ ವರ್ಷದವಂತೆ. ನಮ್ಮ ಗೊರೂರಿನ ಬಂಡೆಯಲ್ಲಿ ಹುಡುಕಿದರೆ ಸಿಗೋದಿಲ್ಲ ಬಿಡಿ. ಅದಕ್ಕೆ 300 ಕೋಟಿಗೂ ಜಾಸ್ತಿ. ಮರ ಅನ್ನೋದು ಭೂಮಿಗೆ ಬಂದು 40 ಕೋಟಿಯೂ ಆಗಿಲ್ಲ.

ಪಾಲಿಶ್‌ಗೆ ಒರಟಾದ 50ರ ಪ್ಯಾಡಿನಿಂದ ನುಣುಪಾದ 3000ದವರೆಗೆ ಒಂದೊಂದೇ ಹಾಕಿದೆ. ಗ್ರಾನೈಟಿಗಿಂತ ಎರಡು ಪಟ್ಟು ಹೊತ್ತು ಹಿಡಿಯಿತು. 800 ದಾಟಿದ ಮೇಲೇ ತೂತುಗಳು ಎದ್ದು ಕಂಡಿದ್ದು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ನಮ್ಮ ಧೂಪದ ಮರದ ಹಾಗಿದೆಯಲ್ಲೋ" ಅಂದರು. ನಾನು ನಕ್ಕೆ. ಆಮೇಲೆ ನೋಡಿದರೆ, ಜಾವಾದ ಕಲ್ಲುಮರಗಳಲ್ಲಿ ಬಹಳಷ್ಟು ಧೂಪದ ಕುಟುಂಬದವೇ.

ಬಿರುಕಿಗೆ ಅಂಟು ತುಂಬಲೇ ಅಂತ ಯಜಮಾನರನ್ನು ಕೇಳಿದೆ. ಬೇಡ, ಇರಲಿ ಅಂದರು.